ಗೆಳೆಯನ ಹಡಗು, ಎಲ್ಲರ ನೀರು

ನನ್ನ ಊರು ದೇವಸಮುದ್ರ. ಹೆಸರು ಕೇಳಿದ ಹೊರಗಿನವರು ಮೊದಲು ಕೇಳುವುದು, ‘ಅಲ್ಲಿ ಸಮುದ್ರ ಇದೆಯಾ?’ ಎಂದು. ಮೊಳಕಾಲ್ಮುರು ತಾಲ್ಲೂಕಿನ, ಆಂಧ್ರದ ಗಡಿಗೆ ಅಂಟಿಕೊಂಡ ಊರು ಅದು. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಸೀಮೆ. ಕಡಲು ಹಾಗಿರಲಿ, ಬೇಸಿಗೆಯಲ್ಲಿ ಹಳ್ಳಗಳೂ ಬಾಯಿ ಬಿಟ್ಟುಕೊಂಡಿರುತ್ತವೆ. ಹಿಂದಿನವರು ದೊಡ್ಡ ಕೆರೆಯನ್ನು ಸಮುದ್ರ ಎಂದೇ ಕರೆಯುತ್ತಿದ್ದರು. ದೋರಸಮುದ್ರವೂ ಹಾಗೆ ಬಂದ ಹೆಸರೇ. ನೀರಿಲ್ಲದವನಿಗೆ ಕೆರೆಯೇ ಸಮುದ್ರ.

ನಿಜವಾದ ಸಮುದ್ರವನ್ನು ನಾನು ನೋಡುವ ಮೊದಲೇ ಓದಿದ್ದೆ. ಉರ್ದು ಶಾಲೆಯಲ್ಲಿ ಕಶ್ತಿ, ಸಾಹಿಲ್, ತೂಫಾನ್ ಎಂಬ ಪದಗಳನ್ನು ಬಾಯಿಪಾಠ ಮಾಡಿಸಿದ್ದರು. ಉರ್ದು ಕಾವ್ಯದಲ್ಲಿ ಹಡಗು ಮುಳುಗದ ದಿನವೇ ಇಲ್ಲ. ಅಲ್ಲಿಯೇ ‘ನಾಖುದಾ’ ಎಂಬ ಪದವೂ ಸಿಕ್ಕಿತು. ನಾವ್ ಎಂದರೆ ಹಡಗು, ಖುದಾ ಎಂದರೆ ಒಡೆಯ ಎಂದು ಮೇಷ್ಟ್ರು ಬಿಡಿಸಿ ಹೇಳಿದ್ದರು. ಹಡಗು ಕೊಂಡವನೋ, ಅದನ್ನು ನಡೆಸುವವನೋ ಎಂದು ನಾನು ಕೇಳಿದ್ದಕ್ಕೆ ‘ಎರಡೂ’ ಎಂದಿದ್ದರು. ಆ ಉತ್ತರದ ತೊಡಕು ಅರ್ಥವಾಗಲು ನನಗೆ ನಲವತ್ತು ದಾಟಬೇಕಾಯಿತು.

2023ರ ಡಿಸೆಂಬರಿನಲ್ಲಿ ಚಿತ್ರದುರ್ಗದ ಹಾಸ್ಟೆಲಿನ ಹಳೆಯ ಗೆಳೆಯನೊಬ್ಬ ಫೋನು ಮಾಡಿದ. ಕೊಲ್ಲಿ ದೇಶದಲ್ಲಿ ಇಪ್ಪತ್ತು ವರ್ಷ ದುಡಿದು ಕೈತುಂಬ ಕಾಸು ಮಾಡಿಕೊಂಡಿದ್ದವನು. ಗೋವಾದಲ್ಲಿ ಒಂದು ಮೋಟಾರ್ ಯಾಟ್ ಕೊಂಡಿದ್ದ. ‘ಪಣಜಿಯಿಂದ ಮಲ್ಪೆವರೆಗೆ ಕರಾವಳಿಗುಂಟ ಹೋಗೋಣ, ಮೂರು ದಿನ, ನಮ್ಮ ನಾಲ್ವರೇ’ ಎಂದ. ಒಬ್ಬ ವಕೀಲ, ಒಬ್ಬ ಸರ್ಕಾರಿ ವೈದ್ಯ, ಕತೆ ಬರೆಯುವ ನಾನು, ಮತ್ತು ಆತ. ನಮ್ಮಿಂದ ಒಂದು ಪೈಸೆಯನ್ನೂ ತೆಗೆದುಕೊಳ್ಳಲಿಲ್ಲ.

ಹಡಗು ಬೆಳ್ಳಗೆ, ನುಣ್ಣಗೆ, ಮದುವೆ ಮನೆಯ ಕಾರಿನಂತಿತ್ತು. ಒಳಗೆ ಎರಡು ಕೋಣೆ, ಅಡುಗೆಮನೆ, ಏರ್ ಕಂಡೀಷನ್. ನಿಧಾನಕ್ಕೆ ಹೋದರೂ ಗಂಟೆಗೆ ಐವತ್ತು ಲೀಟರ್ ಡೀಸೆಲ್ ಕುಡಿಯುತ್ತದೆಂದು ಗೆಳೆಯ ಹೆಮ್ಮೆಯಿಂದಲೋ ಸಂಕಟದಿಂದಲೋ ಹೇಳಿದ. ನಮ್ಮ ಕಡೆ ಅಷ್ಟು ಡೀಸೆಲ್‌ನಲ್ಲಿ ಒಬ್ಬ ರೈತ ಎಷ್ಟು ದಿನ ಟ್ರ್ಯಾಕ್ಟರ್ ಓಡಿಸಬಹುದೆಂದು ಮನಸ್ಸು ಲೆಕ್ಕ ಹಾಕತೊಡಗಿತು. ನಾನೇ ಅದನ್ನು ಗದರಿಸಿ ಸುಮ್ಮನಾಗಿಸಿದೆ. ಉಂಡ ಮನೆಯ ಜಂತೆ ಎಣಿಸಬಾರದು ಎಂದು ಕನ್ನಡದಲ್ಲೂ, ತಿಂದ ಉಪ್ಪಿಗೆ ದ್ರೋಹ ಬಗೆಯಬಾರದು ಎಂದು ಉರ್ದುವಿನಲ್ಲೂ ಕಲಿತವನು ನಾನು.

ಹಡಗು ನಡೆಸಲು ಸಂಬಳಕ್ಕಿದ್ದವನು ಗಂಗೊಳ್ಳಿ ಕಡೆಯ ಮೀನುಗಾರ ಮನೆತನದವನು. ಹಿಂದೆ ಟ್ರಾಲರ್ ಬೋಟುಗಳಲ್ಲಿ ತಾಂಡೇಲನಾಗಿದ್ದವನು. ನಾವೂ ಆತನನ್ನು ತಾಂಡೇಲ ಎಂದೇ ಕರೆದೆವು.

ಮೊದಲ ದಿನ ಕಣ್ಣಿಗೆ ಹಬ್ಬ. ಕಾಬೋ ದ ರಾಮದ ಕೋಟೆಯ ಗುಡ್ಡ ದಾಟಿ, ಸಂಜೆಗೆ ಕಾರವಾರದ ಎದುರು ಲಂಗರು ಹಾಕಿದೆವು. ಒಂದು ಕಡೆ ದೇವಗಡದ ದೀಪಸ್ತಂಭ, ಇನ್ನೊಂದು ಕಡೆ ಕೂರ್ಮಗಡ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ತೀರಿಕೊಂಡ ನೀರು ಅದು. ತಾಂಡೇಲ ಆ ಕಡೆ ನೋಡಿ ಒಮ್ಮೆ ಕೈ ಮುಗಿದ. ನಾವು ಟೀ ಕುಡಿಯುತ್ತಿದ್ದೆವು.

ಆ ರಾತ್ರಿ ಗೆಳೆಯರಿಗೆ ಇಬ್ನ್ ಬತೂತನ ಕತೆ ಹೇಳಿದೆ. 1340ರ ದಶಕದಲ್ಲಿ ಆತ ಇದೇ ಕರಾವಳಿಗುಂಟ ಸಾಗಿದ್ದ. ಹೊನ್ನಾವರದಲ್ಲಿ ಹೆಣ್ಣುಮಕ್ಕಳಿಗೆ ಹದಿಮೂರು ಶಾಲೆಗಳಿವೆ ಎಂದು ಬರೆದಿಟ್ಟವನು ಆತನೇ. ಮುಹಮ್ಮದ್ ಬಿನ್ ತುಘಲಕ್ ಚೀನಾದ ದೊರೆಗೆ ಕಳಿಸಿದ ಉಡುಗೊರೆಗಳ ಹೊಣೆ ಅವನ ಮೇಲಿತ್ತು. ಕಲ್ಲಿಕೋಟೆಯಲ್ಲಿ ಚೀನೀ ಹಡಗಿನಲ್ಲಿ ತನಗೊಪ್ಪುವ ಖಾಸಗಿ ಕೋಣೆ ಸಿಗಲಿಲ್ಲವೆಂದು ತನ್ನ ಸಾಮಾನು, ಪರಿವಾರವನ್ನು ಸಣ್ಣ ಹಡಗಿಗೆ ಸಾಗಿಸಿದ. ಶುಕ್ರವಾರದ ನಮಾಜಿಗೆಂದು ತಾನು ದಡದಲ್ಲಿ ಉಳಿದ. ಬಿರುಗಾಳಿ ಎದ್ದಿತು. ಉಡುಗೊರೆಗಳಿದ್ದ ದೊಡ್ಡ ಹಡಗು ಒಡೆಯಿತು. ಸಣ್ಣ ಹಡಗು ಅವನನ್ನು ಬಿಟ್ಟು ಹೊರಟೇಹೋಯಿತು. ಅವನಿಗೆ ಉಳಿದದ್ದು ಹತ್ತು ದೀನಾರು ಮತ್ತು ಮಲಗುತ್ತಿದ್ದ ಚಾಪೆ. ನೀರಿನ ಮೇಲೆ ‘ನನ್ನದು’ ಎನ್ನುವುದು ಎಷ್ಟು ತೆಳುವಾದ ಮಾತು ಎಂದು ನಾವು ನಕ್ಕೆವು. ನಗುವುದು ಸುಲಭವಿತ್ತು, ಕಡಲು ಶಾಂತವಾಗಿತ್ತು.

ಎರಡನೆಯ ದಿನ ಮಧ್ಯಾಹ್ನ ಮೂರೂವರೆಯ ಹೊತ್ತಿಗೆ ಗೋಕರ್ಣ ಹಿಂದೆ ಬಿತ್ತು. ಬೆಳಕಿರುವಾಗಲೇ ಹೊನ್ನಾವರ ಮುಟ್ಟಬೇಕಿತ್ತು. ಶರಾವತಿಯ ಅಳಿವೆಯಲ್ಲಿ ಮರಳಿನ ದಿಬ್ಬವಿದೆ, ಉಬ್ಬರದ ಹೊತ್ತು ನೋಡಿ, ಕಣ್ಣಿಗೆ ಕಾಣುವಾಗಲೇ ದಾಟಬೇಕು. ಆಗ ತಾಂಡೇಲ ವೇಗ ಇಳಿಸಿ ಪಡುವಣಕ್ಕೆ ಬೆರಳು ತೋರಿಸಿದ. ದೂರದಲ್ಲಿ ಒಂದು ಸಣ್ಣ ದೋಣಿ. ಯಾರೋ ಹುಟ್ಟಿನ ತುದಿಗೆ ಅಂಗಿ ಕಟ್ಟಿ ಬೀಸುತ್ತಿದ್ದರು.

ಗೆಳೆಯ ಕೆಟ್ಟವನಲ್ಲ, ಇದನ್ನು ಮೊದಲೇ ಹೇಳಬೇಕು. ಆತನ ಕಾರಣಗಳೂ ಸುಳ್ಳಲ್ಲ. ‘ಬಲೆ ಪ್ರೊಪೆಲ್ಲರಿಗೆ ಸುತ್ತಿಕೊಂಡರೆ ನಾವೂ ಇಲ್ಲೇ. ಅವರು ಯಾರೋ ಏನೋ. ವೈರ್‌ಲೆಸ್‌ನಲ್ಲಿ ಕೋಸ್ಟ್ ಗಾರ್ಡ್‌ನವರಿಗೆ ಹೇಳೋಣ. ಕತ್ತಲಾದರೆ ಅಳಿವೆ ದಾಟೋಕಾಗಲ್ಲ ಅಂತ ನೀನೇ ಹೇಳಿದ್ದಲ್ಲ?’ ಎಂದ ತಾಂಡೇಲನಿಗೆ. ಆಮೇಲೆ ನಮ್ಮ ಕಡೆ ತಿರುಗಿ, ‘ನೀವೇನಂತೀರಿ?’ ಎಂದು ಕೇಳಿದ.

ವಕೀಲ ಮೊಬೈಲು ನೋಡಿದ. ವೈದ್ಯ ಕಡಲು ನೋಡಿದ. ನಾನು ಕೈಯಲ್ಲಿದ್ದ ಲೋಟ ನೋಡಿದೆ. ಹಡಗು ಅವನದು, ಡೀಸೆಲ್ ಅವನದು, ಅಪಾಯವೂ ಅವನದು. ಅವನ ಅನ್ನ ತಿಂದು ಅವನಿಗೆ ಧರ್ಮ ಹೇಳುವುದೇ? ಹೀಗೆಲ್ಲ ಅಂದುಕೊಂಡು ಸುಮ್ಮನಿದ್ದೆ. ಅದನ್ನು ಸೌಜನ್ಯ ಎಂದೇ ಭಾವಿಸಿದ್ದೆ.

ತಾಂಡೇಲ ಹೇಳಿದ: ‘ಹಡಗು ನಿಮ್ಮದು ಸಾರ್. ಆದರೆ ಅವರು ಬಟ್ಟೆ ಬೀಸಿದ್ದನ್ನ ನಾನು ನೋಡಿಬಿಟ್ಟೆ.’ ಅಷ್ಟೇ ಹೇಳಿ ಚುಕ್ಕಾಣಿ ತಿರುಗಿಸಿದ.

ದೋಣಿಯಲ್ಲಿ ಮೂವರಿದ್ದರು. ಅವರಲ್ಲೊಬ್ಬ ಇನ್ನೂ ಮೀಸೆ ಮೂಡುತ್ತಿದ್ದ ಹುಡುಗ. ನಸುಕಿಗೆ ಹೊರಟಿದ್ದರಂತೆ, ಎಂಜಿನ್ ಕೈಕೊಟ್ಟಿತ್ತು, ಮೊಬೈಲಿಗೆ ಸಿಗ್ನಲ್ ಇರಲಿಲ್ಲ, ಕುಡಿಯುವ ನೀರು ಮುಗಿದು ಬಹಳ ಹೊತ್ತಾಗಿತ್ತು. ಹಗ್ಗ ಕಟ್ಟಿ ಅವರನ್ನು ತದಡಿಗೆ ಎಳೆದು ತಂದೆವು. ಎಳೆಯುವಾಗ ಹಡಗು ನಡಿಗೆಯ ವೇಗಕ್ಕೆ ಇಳಿಯುತ್ತದೆ. ಅಘನಾಶಿನಿ ಕಡಲು ಸೇರುವಲ್ಲಿಗೆ ಬಂದಾಗ ಸೂರ್ಯ ಮುಳುಗುತ್ತಿದ್ದ. ಆವರೆಗೆ ನೀರು, ಟೀ ಇಳಿಸಿ ಕೊಟ್ಟವನು, ಹಗ್ಗದ ಬಳಿ ಕುಳಿತು ಕಾದವನು ನನ್ನ ಗೆಳೆಯನೇ. ಬಂದರಿನಲ್ಲಿ ಅವರಲ್ಲಿ ಹಿರಿಯವನು ಹತ್ತಿರ ಬಂದು ತಗ್ಗಿದ ದನಿಯಲ್ಲಿ, ‘ಎಷ್ಟು ಕೊಡಬೇಕು?’ ಎಂದು ಕೇಳಿದ. ನಮ್ಮ ಬೆಳ್ಳಗಿನ ಹಡಗು ನೋಡಿ ಆತನಿಗೆ ಮೊದಲು ಹೊಳೆದದ್ದು ಬಾಡಿಗೆ. ಗೆಳೆಯನ ಮುಖ ಕೆಂಪಾಯಿತು.

ಆ ರಾತ್ರಿ ತದಡಿಯಲ್ಲೇ ಉಳಿದೆವು. ಊಟದ ನಂತರ ಗೆಳೆಯ ಇದ್ದಕ್ಕಿದ್ದಂತೆ ಹೇಳಿದ: ‘ನೀವು ಮೂವರೂ ಯಾಕೆ ಸುಮ್ಮನಿದ್ರಿ? ನಾನು ಕೇಳಿದ್ದು, ಬೇಡ ಅನ್ನಲಿ ಅಂತ ಅಲ್ಲ. ನಿಲ್ಲಿಸು ಅನ್ನಲಿ ಅಂತ.’

ಈ ಬರಹದ ಪ್ರಶ್ನೆ ಇದೇ. ಇನ್ನೊಬ್ಬನ ಹಡಗಿನಲ್ಲಿ ಪುಕ್ಕಟೆ ಕುಳಿತವನ ಹೊಣೆ ಎಷ್ಟು?

ಒಂದು ಉತ್ತರ ಸುಲಭವಾಗಿದೆ: ಏನೂ ಇಲ್ಲ. ಇನ್ನೊಬ್ಬನ ದುಡ್ಡಿನಲ್ಲಿ ದಾನ ಮಾಡುವುದಕ್ಕಿಂತ ಅಗ್ಗದ ಪುಣ್ಯ ಬೇರೆ ಇಲ್ಲ. ಅತಿಥಿ ‘ನಿಲ್ಲಿಸು’ ಎನ್ನುತ್ತಾನೆ, ನಷ್ಟ ಒಡೆಯನದು. ಈ ವಾದವನ್ನು ನಾನು ತಳ್ಳಿಹಾಕುವುದಿಲ್ಲ. ದೊಡ್ಡ ಮಾತಾಡುವ ನಮ್ಮಂಥ ಬರಹಗಾರರಿಗೆ ಅದು ಆಗಾಗ ಬೇಕಾದ ಔಷಧಿ.

ಆದರೆ ಕಡಲಿನ ಕಾನೂನು ಈ ವಾದವನ್ನು ಒಪ್ಪುವುದಿಲ್ಲ. ವಕೀಲ ಗೆಳೆಯ, ತಡವಾಗಿಯಾದರೂ, ಅದನ್ನು ವಿವರಿಸಿದ. ಸಮುದ್ರದಲ್ಲಿ ಜೀವಾಪಾಯದಲ್ಲಿರುವವರಿಗೆ ನೆರವಾಗುವುದು ಹಡಗಿನ ನಾಯಕನ ಕರ್ತವ್ಯ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಪ್ಪಂದದ 98ನೇ ವಿಧಿ ಅದನ್ನೇ ಹೇಳುತ್ತದೆ, ಅದಕ್ಕೂ ಹಿಂದೆ 1910ರ ಬ್ರಸೆಲ್ಸ್ ಒಪ್ಪಂದವಿತ್ತು. ಮುಳುಗುವ ಸರಕನ್ನು ಉಳಿಸಿದವನು ಕೂಲಿ ಕೇಳಬಹುದು, ಜೀವ ಉಳಿಸಿಕೊಂಡವನಿಂದ ಏನನ್ನೂ ಕೇಳುವಂತಿಲ್ಲ. ಗಮನಿಸಬೇಕಾದ್ದೆಂದರೆ, ಕಾನೂನು ಈ ಹೊಣೆ ಹೊರಿಸಿರುವುದು ಹಡಗು ಕೊಂಡವನ ಮೇಲಲ್ಲ, ನಡೆಸುವವನ ಮೇಲೆ. ಮೇಷ್ಟ್ರು ‘ಎರಡೂ’ ಎಂದಿದ್ದ ನಾಖುದಾ ಅಲ್ಲಿ ಎರಡಾಗಿ ಸೀಳುತ್ತಾನೆ. ಆ ಸಂಜೆ ನಮ್ಮ ನಾಖುದಾ ಯಾರಾಗಿದ್ದ ಎಂಬುದರಲ್ಲಿ ನನಗೆ ಸಂಶಯವಿಲ್ಲ. ಸಂಬಳ ಹೋಗಬಹುದಾಗಿದ್ದವನೊಬ್ಬನೇ ಬಾಯಿ ಬಿಟ್ಟಿದ್ದ, ಕಳೆದುಕೊಳ್ಳಲು ಏನೂ ಇಲ್ಲದ ನಾವು ಮೂವರು ಸುಮ್ಮನಿದ್ದೆವು.

ಅದೇ ವರ್ಷ ಜೂನ್ 14ರಂದು ಗ್ರೀಸ್‌ನ ಪೈಲೋಸ್ ಬಳಿ ಅಡ್ರಿಯಾನ ಎಂಬ ಹಳೆಯ ಮೀನುಗಾರಿಕೆ ಹಡಗು ಮುಳುಗಿತು. ಅದರಲ್ಲಿದ್ದವರು ಪಾಕಿಸ್ತಾನ, ಈಜಿಪ್ಟ್, ಸಿರಿಯಾಗಳಿಂದ ಯುರೋಪಿನ ಕಡೆ ಹೊರಟಿದ್ದ ನೂರಾರು ಬಡವರು. ಬದುಕಿದವರು 104 ಮಂದಿ. ಅವರಲ್ಲಿ ಹೆಚ್ಚಿನವರನ್ನು ಕಲಮಾತಾ ಬಂದರಿಗೆ ತಲುಪಿಸಿದ್ದು ಮಯನ್ ಕ್ವೀನ್ ಎಂಬ ಕೋಟ್ಯಧೀಶರ ವಿಹಾರದ ಯಾಟ್. ಹತ್ತಿರ ಇದ್ದುದರಿಂದ ಅದಕ್ಕೆ ಕರೆ ಬಂತು, ಅದು ಹೋಯಿತು. ವಿಲಾಸಕ್ಕೆಂದು ಕಟ್ಟಿದ ಹಡಗಿಗೂ ಒಂದು ರಾತ್ರಿ ಬೇರೆ ಕೆಲಸ ಬೀಳಬಹುದು. ಹಾಗಾಗಿ ಸುಖವೇ ತಪ್ಪು ಎಂದು ನಾನು ಹೇಳಲಾರೆ. ಸುಖದ ನಡುವೆ ಕರೆ ಬಂದಾಗ ಕಿವಿ ಎಲ್ಲಿತ್ತು ಎಂಬುದಷ್ಟೇ ಪ್ರಶ್ನೆ.

ಕಡಲನ್ನೇ ನಂಬಿದವರಿಗೆ ಈ ಪ್ರಶ್ನೆ ಏಳುವುದೂ ಇಲ್ಲವೇನೋ. 2018ರ ಆಗಸ್ಟಿನ ಪ್ರವಾಹದಲ್ಲಿ ಕೇರಳದ ಮೀನುಗಾರರು ಲಾರಿಗಳ ಮೇಲೆ ದೋಣಿ ಹೇರಿಕೊಂಡು ಒಳನಾಡಿನ ಮುಳುಗಿದ ಊರುಗಳಿಗೆ ಹೋದರು. ಸರ್ಕಾರ ದೋಣಿಯೊಂದಕ್ಕೆ ದಿನಕ್ಕೆ 3,000 ರೂಪಾಯಿ ಕೊಡುತ್ತೇನೆಂದಾಗ ಬೇಡ ಎಂದವರು ಅವರಲ್ಲಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟ್ ಏಳು ಮೀನುಗಾರರೊಂದಿಗೆ ಕಾಣೆಯಾಯಿತು. ಮುಂದಿನ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಬಳಿ ಕಡಲ ತಳದಲ್ಲಿ ಅದರ ಅವಶೇಷ ಸಿಕ್ಕಿತು. ಆ ನಡುವಿನ ತಿಂಗಳುಗಳಲ್ಲಿ ಕರಾವಳಿಯ ಸಾವಿರಾರು ಮೀನುಗಾರರು ಬೀದಿಗಿಳಿದರು. ನಮ್ಮ ತಾಂಡೇಲನೂ ಅವರಲ್ಲಿ ಒಬ್ಬ. ಬಟ್ಟೆ ಬೀಸುವವನ ಜಾಗದಲ್ಲಿ ನಾಳೆ ತಾನಿರಬಹುದು ಎಂಬುದು ಅವನಿಗೆ ಗೊತ್ತು. ನಮಗೆ ಗೊತ್ತಿರಲಿಲ್ಲ, ಅಥವಾ ಗೊತ್ತಿರುವುದನ್ನು ಮರೆಯುವಷ್ಟು ಮೆತ್ತಗಿತ್ತು ನಮ್ಮ ಆಸನ.

ಆ ರಾತ್ರಿ ಬಾಲ್ಯದಲ್ಲಿ ಕೇಳಿದ ಒಂದು ಹದೀಸ್ ನೆನಪಾಯಿತು. ಬುಖಾರಿಯವರ ಸಂಗ್ರಹದಲ್ಲಿರುವ ಈ ದೃಷ್ಟಾಂತ ಬಹಳ ಜನಕ್ಕೆ ಗೊತ್ತು. ಚೀಟಿ ಎತ್ತಿ ಒಂದು ಹಡಗಿನಲ್ಲಿ ಕೆಲವರಿಗೆ ಮೇಲಂತಸ್ತು, ಕೆಲವರಿಗೆ ಕೆಳಂತಸ್ತು ಸಿಗುತ್ತದೆ. ಕೆಳಗಿನವರು ನೀರಿಗಾಗಿ ಮೇಲಿನವರನ್ನು ಹಾದುಹೋಗಬೇಕು. ಅವರಿಗೇಕೆ ತೊಂದರೆ ಎಂದು ತಮ್ಮ ಪಾಲಿನ ಜಾಗದಲ್ಲೇ ತೂತು ಕೊರೆಯಲು ಹೊರಡುತ್ತಾರೆ. ಮೇಲಿನವರು ಬಿಟ್ಟುಬಿಟ್ಟರೆ ಎಲ್ಲರೂ ಮುಳುಗುತ್ತಾರೆ, ಕೈ ಹಿಡಿದು ತಡೆದರೆ ಎಲ್ಲರೂ ಉಳಿಯುತ್ತಾರೆ. ಇದನ್ನು ಹೇಳುವವರು ಸಾಮಾನ್ಯವಾಗಿ ಕೊರೆಯುವವನ ತಪ್ಪಿನ ಬಗ್ಗೆ ಹೇಳುತ್ತಾರೆ. ನನಗೆ ಈಗ ಕಾಣುವುದು ಸುಮ್ಮನಿದ್ದವನ ತಪ್ಪು. ಆತ ಕೊರೆಯಲಿಲ್ಲ, ಯಾರನ್ನೂ ನೂಕಲಿಲ್ಲ. ‘ಅದು ಅವನ ಪಾಲಿನ ಜಾಗ’ ಎಂದು ಗೌರವದಿಂದ ಸುಮ್ಮನಿದ್ದ, ಅಷ್ಟೇ.

ತೂತು ಕೊರೆಯುವ ಮಾತು ಬಂದರೆ ನಾನು ದೇವಸಮುದ್ರಕ್ಕೆ ಹಿಂದಿರುಗಲೇಬೇಕು. 2003ರ ಬರಗಾಲ. ನಮ್ಮ ಹೊಲದಲ್ಲಿ ಅಬ್ಬಾ ಕೊಳವೆಬಾವಿ ಕೊರೆಸಲು ಹೊರಟರು. ಪಕ್ಕದ ಹೊಲ ಒಬ್ಬ ವಿಧವೆಯದು. ಆಕೆಗಿದ್ದದ್ದು ಅಜ್ಜನ ಕಾಲದ ತೆರೆದ ಬಾವಿ, ತಳದಲ್ಲಿ ಒಂದಿಷ್ಟು ನೀರು. ಅಬ್ಬಾ ನನ್ನನ್ನು ಕೂರಿಸಿಕೊಂಡು, ‘ಅಷ್ಟು ಹತ್ತಿರ ಕೊರೆಸಬಹುದಾ, ಏನಂತೀಯ?’ ಎಂದು ಕೇಳಿದ್ದರು. ನಾನಾಗ ಅವರ ದುಡ್ಡಿನಲ್ಲಿ ಓದುತ್ತಿದ್ದೆ. ‘ನಿಮ್ಮಿಷ್ಟ’ ಎಂದೆ. ಆರುನೂರು ಅಡಿಗೆ ನೀರು ಬಂತು. ಮರುವರ್ಷ ಆಕೆಯ ಬಾವಿ ಬತ್ತಿತು. ನಮ್ಮ ಬೋರೇ ಕಾರಣ ಎಂದು ಪ್ರಮಾಣ ಮಾಡಲಾರೆ, ಬರಗಾಲವೂ ಇತ್ತು. ಕಾನೂನೂ ನಮ್ಮ ಕಡೆಗೇ ಇತ್ತು. 1882ರ ಈಸ್‌ಮೆಂಟ್ ಕಾಯ್ದೆಯ ಪ್ರಕಾರ ತನ್ನ ನೆಲದಡಿಯ ನೀರನ್ನು ಎತ್ತಿಕೊಳ್ಳುವುದು ಭೂಮಾಲೀಕನ ಹಕ್ಕು. ಆಕೆ ಒಂದು ಮಾತೂ ಆಡಲಿಲ್ಲ. ಎರಡು ಎಮ್ಮೆ ಮಾರಿ ಮಗನ ಜೊತೆ ಬಳ್ಳಾರಿಗೆ ಹೋದಳು.

ಅಬ್ಬಾ ಈಗಿಲ್ಲ. ಅವರು ಅಂದು ಕೇಳಿದ್ದು ಯಾವ ಉತ್ತರಕ್ಕಾಗಿ ಎಂದು ಇಪ್ಪತ್ತು ವರ್ಷ ನಾನು ಯೋಚಿಸಿಯೇ ಇರಲಿಲ್ಲ. ತದಡಿಯಲ್ಲಿ ಗೆಳೆಯನ ಮಾತು ಕೇಳಿದ ಮೇಲೆ ನಿದ್ದೆ ಹತ್ತಲಿಲ್ಲ.

ಉಪ್ಪಿನ ಋಣವೆಂದರೆ ಉಣಿಸಿದವನು ಹೇಳಿದ್ದಕ್ಕೆಲ್ಲ ತಲೆಯಾಡಿಸುವುದು ಎಂದು ತಿಳಿದಿದ್ದೆ. ಅತಿಥಿಗೆ ಹಡಗು ತಿರುಗಿಸುವ ಅಧಿಕಾರವಿಲ್ಲ ನಿಜ. ಒಡೆಯ ಕೇಳಿದಾಗ ನಿಜ ಹೇಳುವ ಹೊಣೆಯಂತೂ ಇದೆ. ಆ ಮಾತು ಕೇಳಿಸಿಕೊಂಡು ಅವನು ‘ಆಗದು’ ಎಂದರೆ ಅದು ಅವನ ಲೆಕ್ಕ. ನಾವು ಹೇಳದೇ ಹೋದರೆ ಆ ಲೆಕ್ಕದಲ್ಲಿ ನಮ್ಮದೂ ಪಾಲು. ಮನುಷ್ಯ ತನ್ನೊಳಗಿನ ಒಳ್ಳೆಯದಕ್ಕೆ ಸಾಕ್ಷಿ ಬೇಕೆಂದು ಗೆಳೆಯರ ಮುಖ ನೋಡುವ ಗಳಿಗೆಗಳಿವೆ. ಆಗ ಲೋಟ ನೋಡುತ್ತ ಕೂರುವುದು ಗೆಳೆತನವೂ ಅಲ್ಲ, ಮರ್ಯಾದೆಯೂ ಅಲ್ಲ.

ಮೂರನೆಯ ದಿನ ಬಸವರಾಜ ದುರ್ಗದ ನಡುಗಡ್ಡೆ, ದೂರದಲ್ಲಿ ನೇತ್ರಾಣಿ, ಭಟ್ಕಳದ ದೀಪಸ್ತಂಭ ಎಲ್ಲವನ್ನೂ ದಾಟಿ ಕತ್ತಲಾಗುವ ಹೊತ್ತಿಗೆ ಮಲ್ಪೆ ಸೇರಿದೆವು. ದಾರಿಯುದ್ದಕ್ಕೂ ಗೆಳೆಯ ಮೇಲ್ಗಡೆ ತಾಂಡೇಲನ ಪಕ್ಕದಲ್ಲೇ ಕುಳಿತಿದ್ದ, ದೂರದ ದೋಣಿಗಳನ್ನು ನೋಡುತ್ತಿದ್ದ. ಇಳಿಯುವಾಗ ನಾನು ಅವನ ಕೈ ಹಿಡಿದು ‘ತಪ್ಪಾಯಿತು’ ಎಂದೆ. ‘ಮುಂದಿನ ಸಲ ಮಾತಾಡು’ ಎಂದ.

ಊರಿಗೆ ಬಂದ ಮೇಲೆ ಬಳ್ಳಾರಿಯಲ್ಲಿ ಆ ಮಗನ ವಿಳಾಸ ಹುಡುಕುತ್ತಿದ್ದೇನೆ. ಸಿಕ್ಕರೆ ಏನು ಹೇಳಬೇಕೆಂದು ಇನ್ನೂ ಗೊತ್ತಿಲ್ಲ. ‘ನಿಮ್ಮಿಷ್ಟ’ ಎಂದಂತೂ ಹೇಳುವುದಿಲ್ಲ.