ಅರಿವಿನ ಅಳತೆ

ತಳವು ಒಳಕ್ಕೆ ಉಬ್ಬಿದ ಸೇರಿನಿಂದ ನೂರು ಸಲ ಅಕ್ಕಿಯನ್ನು ಅಳೆದರೂ ನೂರು ಸಲವೂ ಒಂದೇ ಪ್ರಮಾಣವು ಬರುವುದು. ಅಳತೆಯು ಬದಲಾಗಲಿಲ್ಲವೆಂಬ ಮಾತ್ರಕ್ಕೆ ಅದು ನ್ಯಾಯವಾದ ಅಳತೆಯಾಗಲಾರದು. ಕೊಂಡವನಿಗೆ ಪ್ರತಿಸಲವೂ ಅಷ್ಟೇ ನಷ್ಟವಾಗುತ್ತಿರುವುದು. ಇನ್ನೊಬ್ಬ ವರ್ತಕನ ಸೇರು ಸರಿಯಾಗಿದ್ದರೂ ಅವನು ಒಮ್ಮೆ ಬಾಯಿಮಟ್ಟಕ್ಕೂ ಒಮ್ಮೆ ರಾಶಿಯೇರುವಂತೆಯೂ ಅಳೆದರೆ ಅಲ್ಲಿಯೂ ನ್ಯಾಯವಿಲ್ಲ. ಆದುದರಿಂದ ಅಳತೆಗೆ ಎರಡು ಗುಣಗಳು ಅವಶ್ಯಕ: ಸಲಸಲಕ್ಕೂ ಬದಲಾಗದಿರುವ ಸ್ಥೈರ್ಯವೊಂದು, ಅಳೆಯತಕ್ಕುದನ್ನೇ ಅಳೆಯುವ ಯಾಥಾರ್ಥ್ಯವೊಂದು. ಅಕ್ಕಿಯ ವಿಷಯದಲ್ಲಿ ಇವೆರಡನ್ನೂ ಪರೀಕ್ಷಿಸುವುದು ಸುಲಭ. ವಿದ್ಯಾರ್ಥಿಯ ಅರಿವಿನ ವಿಷಯದಲ್ಲಿ ಅದು ಸುಲಭವಲ್ಲ.

ವಿದ್ಯೆಯೆಂಬುದು ತಿಳಿದ ಸಂಗತಿಗಳ ಮೊತ್ತವಲ್ಲ. ಅವು ಮನಸ್ಸಿನಲ್ಲಿ ಒಂದಕ್ಕೊಂದು ಹೇಗೆ ಹೊಂದಿಕೊಂಡಿವೆಯೆಂಬುದೇ ಅದರ ಜೀವಾಳ. 1981ರಲ್ಲಿ ಮಿಷೆಲಿನ್ ಚಿ, ಪಾಲ್ ಫೆಲ್ಟೋವಿಚ್, ರಾಬರ್ಟ್ ಗ್ಲೇಸರ್ ಎಂಬ ಅಮೆರಿಕದ ವಿದ್ವಾಂಸರು ಭೌತಶಾಸ್ತ್ರದ 24 ಲೆಕ್ಕಗಳನ್ನು ಚೀಟಿಗಳ ಮೇಲೆ ಬರೆದು, ಎಂಟು ಮಂದಿ ಹೊಸ ವಿದ್ಯಾರ್ಥಿಗಳಿಗೂ ಎಂಟು ಮಂದಿ ಉನ್ನತ ಸಂಶೋಧನಾರ್ಥಿಗಳಿಗೂ ಕೊಟ್ಟು, ಹೋಲುವವುಗಳನ್ನು ಗುಂಪುಮಾಡಿರೆಂದರು. ಹೊಸಬರು ಇಳಿಜಾರು ಹಲಗೆಯ ಲೆಕ್ಕಗಳೆಲ್ಲವನ್ನೂ ಒಂದು ಕಡೆ ಇಟ್ಟರು; ಬಲ್ಲವರು ಶಕ್ತಿಸಂರಕ್ಷಣವೇ ಮೊದಲಾದ ತತ್ತ್ವಗಳಿಗೆ ಅನುಸಾರವಾಗಿ ವಿಂಗಡಿಸಿದರು. ಒಬ್ಬರ ಕಣ್ಣು ವಸ್ತುವಿನ ಮೇಲೆ, ಮತ್ತೊಬ್ಬರ ಕಣ್ಣು ನಿಯಮದ ಮೇಲೆ. ಅಗೋಚರವಾದ ವ್ಯವಸ್ಥೆಯ ಒಂದು ನೆರಳು ಚೀಟಿಗಳ ಮೇಲೆ ಬಿದ್ದಿತೆಂಬುದರಲ್ಲಿ ಸಂದೇಹವಿಲ್ಲ. ಆದರೆ ನೆರಳು ವಸ್ತುವಿನಿಂದ ಮಾತ್ರವಲ್ಲದೆ ದೀಪವಿಟ್ಟ ಸ್ಥಳದಿಂದಲೂ ರೂಪುಗೊಳ್ಳುವುದು.

ಇದಕ್ಕೆ ಇನ್ನೊಂದು ವಿಧಾನವೇ ದೃಷ್ಟಾಂತ. ಕಾರ್ನೆಲ್ ವಿಶ್ವವಿದ್ಯಾನಿಲಯದ ಜೋಸೆಫ್ ನೊವಾಕ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಪರಿಕಲ್ಪನಾ ನಕ್ಷೆಯನ್ನು ರೂಪಿಸಿದರು. ಅದರಲ್ಲಿ ವಿದ್ಯಾರ್ಥಿಯು ‘ಎಲೆ’, ‘ಬೆಳಕು’, ‘ಆಹಾರ’ ಮುಂತಾದ ಪದಗಳನ್ನು ಬರೆದು, ಗೆರೆಗಳಿಂದ ಜೋಡಿಸಿ, ಸಂಬಂಧವನ್ನು ಗೆರೆಯ ಮೇಲೆ ನಮೂದಿಸುವನು. ಒಬ್ಬ ಪರೀಕ್ಷಕನು ಗೆರೆಗಳನ್ನು ಎಣಿಸಬಹುದು. ಮತ್ತೊಬ್ಬನು ನಮೂದಿಸಿದ ಮಾತಿನ ಸತ್ಯಾಸತ್ಯವನ್ನು ನೋಡಬಹುದು. ಮೂರನೆಯವನು ತನ್ನ ನಕ್ಷೆಯೊಡನೆ ಹೋಲಿಸಬಹುದು. ಮೂವರ ಅಂಕಗಳು ಒಂದೇ ಆಗಬೇಕೆಂಬ ನಿಯಮವಿಲ್ಲ. ಮೂವರೂ ಒಪ್ಪಿದರೂ ಆ ಒಪ್ಪಿಗೆಯು ಎಣಿಕೆಯ ಸ್ಥೈರ್ಯವಲ್ಲದೆ ಬಾಲಕನ ಅರಿವಿನ ಯಾಥಾರ್ಥ್ಯವಲ್ಲ. ಕೊಟ್ಟ ಕೆಲಸ, ಉತ್ತರದ ರೀತಿ, ಅಂಕವಿಡುವ ಕ್ರಮ, ಈ ಮೂರೂ ಸೇರಿಯೇ ಅಳತೆಯಾಗುವುದೆಂದು ರೂಯಿಸ್-ಪ್ರಿಮೊ ಮತ್ತು ಶಾವೆಲ್ಸನ್ 1996ರಲ್ಲಿ ತೋರಿಸಿ, ಪರಿಶೀಲನೆಯಿಲ್ಲದೆ ಇಂತಹ ನಕ್ಷೆಗಳನ್ನು ಪರೀಕ್ಷೆಗೆ ಬಳಸಲಾಗದೆಂದು ಎಚ್ಚರಿಸಿದರು.

ಇದಲ್ಲದೆ ಮತ್ತೊಂದು ತೊಡಕುಂಟು. ಅಕ್ಕಿಯು ಅಳೆದುದರಿಂದ ಬದಲಾಗದು, ಮನಸ್ಸಾದರೋ ಬದಲಾಗುವುದು. ನಕ್ಷೆಯನ್ನು ಬರೆಯುತ್ತಿರುವಾಗಲೇ ಬಾಲಕನಿಗೆ ಹೊಸ ಸಂಬಂಧವೊಂದು ಹೊಳೆಯಬಹುದು. ವಾರದ ಮೇಲೆ ಅವನು ಬೇರೆ ನಕ್ಷೆಯನ್ನು ಬರೆದರೆ ಅದು ಅಳತೆಯ ದೋಷವೋ ಕಲಿಕೆಯ ಫಲವೋ ಎಂಬುದನ್ನು ಅಂಕವು ತಾನಾಗಿ ಹೇಳಲಾರದು.

ಹಾಗಾದರೆ ಅಳತೆಯನ್ನೇ ತ್ಯಜಿಸತಕ್ಕುದೇ? ಹಾಗಲ್ಲ. ವೈದ್ಯನು ನಾಡಿಯನ್ನು ನೋಡುವಂತೆ ಉಪಾಧ್ಯಾಯನು ಗುರುತುಗಳಿಂದಲೇ ಒಳಗನ್ನು ಊಹಿಸಬೇಕಾಗಿದೆ. ವಿಚಾರಣೀಯವಾದುದು, ಊಹೆಯು ತಪ್ಪಿದಾಗ ಅದರ ಭಾರವನ್ನು ಹೊರುವವರು ಯಾರೆಂಬುದು. ಪಾಠವನ್ನು ತಿದ್ದಿಕೊಳ್ಳಲು ನಕ್ಷೆಯನ್ನು ನೋಡಿದ ಉಪಾಧ್ಯಾಯನು ತಪ್ಪಿದರೆ ಮರುದಿನ ತಾನೇ ಸರಿಪಡಿಸಿಕೊಳ್ಳುವನು. ಅದೇ ನಕ್ಷೆಯಿಂದ ಬಾಲಕನನ್ನು ಮಂದಮತಿಯೆಂದು ನಿರ್ಣಯಿಸಿ ಹಿಂದಿನ ಸಾಲಿನಲ್ಲಿ ಕೂರಿಸಿದರೆ, ಅಳೆದವನ ತಪ್ಪನ್ನು ಅಳೆಯಿಸಿಕೊಂಡವನು ವರ್ಷಗಟ್ಟಲೆ ಹೊರುವನು; ತೀರ್ಪನ್ನು ಪ್ರಶ್ನಿಸುವ ಶಕ್ತಿಯೂ ಅವನಿಗಿರದು. ನಿರ್ಣಯವು ಎಷ್ಟು ಗುರುತರವೋ ಅಷ್ಟು ಗಟ್ಟಿಯಾದ ಪ್ರಮಾಣವನ್ನು ಕೇಳುವುದು ಶಾಸ್ತ್ರದ ಮರ್ಯಾದೆ ಮಾತ್ರವಲ್ಲ, ಧರ್ಮವೂ ಆಗಿದೆ. ಎರಡು ಮೂರು ವಿಧಾನಗಳು ಒಂದೇ ಮಾತನ್ನು ಹೇಳುವವರೆಗೆ ತೀರ್ಪನ್ನು ತಡೆಹಿಡಿಯಬೇಕು. ಅದಕ್ಕೂ ಮೊದಲು, ಈ ಗೆರೆಯನ್ನು ಏಕೆ ಎಳೆದೆಯೆಂದು ಬಾಲಕನನ್ನೇ ಕೇಳಬೇಕು. ಅಕ್ಕಿಯು ತನ್ನ ಅಳತೆಯ ತಪ್ಪನ್ನು ಹೇಳಲಾರದು, ವಿದ್ಯಾರ್ಥಿಯು ಹೇಳಬಲ್ಲನು.