ಎದ್ದು ಹೋದವನು ಮರಳಿ ಬಂದಾಗ

ಒಂದೇ ನೊಗ ಹೊತ್ತವರು ಒಬ್ಬರನ್ನೊಬ್ಬರು ಯಾಕೆ ಕಚ್ಚಾಡುತ್ತಾರೆ? ಸಂಘಟನೆ ಕಟ್ಟಿದವರಿಗೆಲ್ಲ ಈ ಪ್ರಶ್ನೆ ಎದುರಾಗಿದೆ. ಯಜಮಾನನ ಮೇಲಿನ ಸಿಟ್ಟು ಪಕ್ಕದಲ್ಲಿ ಕೂತ ಗೆಳೆಯನ ಮೇಲೆ ಬೀಳುತ್ತದೆ. ಹಿರಿಯರು ರಾಜಿಯಾದರು ಅಂತ ಕಿರಿಯರು ಹಂಗಿಸ್ತಾರೆ. ಕಿರಿಯರು ಹುಂಬರು ಅಂತ ಹಿರಿಯರು ತಳ್ಳಿಹಾಕ್ತಾರೆ. ಹಾಗಾದರೆ ಒಗ್ಗಟ್ಟು ಅಂದರೆ ಎಲ್ಲರೂ ಒಂದೇ ದನಿ ಎತ್ತುವುದೆ? ಈ ಪ್ರಶ್ನೆ ಕಾಡಿದಾಗಲೆಲ್ಲ ನಾನು ಒಂದು ಜಾಝ್ ರೆಕಾರ್ಡು ಕೇಳುತ್ತೇನೆ. ಹೆಸರು ‘ಮನಿ ಜಂಗಲ್’. ಅಂದರೆ ದುಡ್ಡಿನ ಕಾಡು.

1962ರ ಸೆಪ್ಟೆಂಬರ್ 17ರಂದು ನ್ಯೂಯಾರ್ಕಿನ ಸ್ಟುಡಿಯೋ ಒಂದರಲ್ಲಿ ಮೂವರು ಕರಿಯ ಕಲಾವಿದರು ಸೇರಿದರು. ಪಿಯಾನೋ ಮುಂದೆ ಡ್ಯೂಕ್ ಎಲಿಂಗ್ಟನ್, 63 ವರ್ಷ. ಬೇಸ್ ಎಂಬ ಆಳೆತ್ತರದ ತಂತಿವಾದ್ಯ ಹಿಡಿದವನು ಚಾರ್ಲ್ಸ್ ಮಿಂಗಸ್, 40. ಡ್ರಮ್ಮಿಗೆ ಮ್ಯಾಕ್ಸ್ ರೋಚ್, 38.

ಎಲಿಂಗ್ಟನ್ ಹೆಸರು ಮಾಡಿದ್ದು 1927ರಿಂದ ಹಾರ್ಲೆಮ್ಮಿನ ಕಾಟನ್ ಕ್ಲಬ್ಬಿನಲ್ಲಿ. ಅಲ್ಲಿ ನುಡಿಸುವವರು ಕರಿಯರು, ಕೂತು ಕೇಳುವವರು ಬಿಳಿಯರು. ದಕ್ಷಿಣದ ಹೋಟೆಲುಗಳ ಅವಮಾನ ಬೇಡವೆಂದು ತನ್ನ ತಂಡವನ್ನು ಬಾಡಿಗೆ ರೈಲುಬೋಗಿಯಲ್ಲೇ ಮಲಗಿಸಿ ಊರೂರು ಸುತ್ತಿದ. 1943ರಲ್ಲಿ ಕಾರ್ನೆಗಿ ಹಾಲಿನಲ್ಲಿ ತನ್ನ ಜನರ ಚರಿತ್ರೆಯನ್ನೇ ಸಂಗೀತವಾಗಿ ನುಡಿಸಿದ. ಆದರೂ ಬಾಯಿಬಿಟ್ಟು ಹೋರಾಟದ ಮಾತಾಡಲ್ಲ ಎಂಬ ಆಕ್ಷೇಪ ಅವನಿಗೆ ತಪ್ಪಲಿಲ್ಲ.

ಕಿರಿಯರ ದಾರಿ ಬೇರೆ. 1957ರಲ್ಲಿ ಲಿಟಲ್ ರಾಕ್ ಶಾಲೆಗೆ ಹೊರಟ ಒಂಬತ್ತು ಕರಿಯ ವಿದ್ಯಾರ್ಥಿಗಳನ್ನು ಸೈನಿಕರಿಂದ ತಡೆಸಿದ ಗವರ್ನರ್ ಫೌಬಸ್‌ನನ್ನು ಮಿಂಗಸ್ ಸಂಗೀತದಲ್ಲೇ ಲೇವಡಿ ಮಾಡಿದ. ರೋಚ್ 1960ರಲ್ಲಿ ಸ್ವಾತಂತ್ರ್ಯ ಈಗಲೇ ಬೇಕೆಂದು ಒಂದಿಡೀ ರೆಕಾರ್ಡು ತಂದ. ಕಂಪನಿಗಳ ಹಂಗು ಬೇಡ ಅಂತ ಇವರಿಬ್ಬರೂ 1952ರಲ್ಲಿ ‘ಡೆಬ್ಯು’ ಎಂಬ ಸ್ವಂತ ಕಂಪನಿಯನ್ನೂ ಕಟ್ಟಿದ್ದರು. ಅದು ಬಹುಕಾಲ ಬಾಳಲಿಲ್ಲ.

ಹಳೆಯ ಗಾಯವೂ ಇತ್ತು. 1953ರಲ್ಲಿ ಎಲಿಂಗ್ಟನ್ ತಂಡದಲ್ಲಿದ್ದ ಮಿಂಗಸ್, ಅದೇ ತಂಡದ ಹ್ವಾನ್ ಟಿಜೋಲ್ ಜೊತೆ ಬಡಿದಾಡಿದ. ಎಲಿಂಗ್ಟನ್ ಅವನನ್ನು ಹೊರಗೆ ಹಾಕಿದ.

ಈಗ ಸ್ಟುಡಿಯೋದಲ್ಲೂ ಜಗಳ ಬಂತು. ಕಾರಣವನ್ನು ಒಬ್ಬೊಬ್ಬರು ಒಂದೊಂದು ರೀತಿ ಹೇಳ್ತಾರೆ. ಮಿಂಗಸ್ ವಾದ್ಯ ಕಟ್ಟಿಕೊಂಡು ಹೊರಟೇಬಿಟ್ಟ. ಹಿಂದೆ ಹೋಗಿ ಕರೆತಂದವನು ಎಲಿಂಗ್ಟನ್. ಒಂಬತ್ತು ವರ್ಷದ ಹಿಂದೆ ಹೊರಗೆ ಹಾಕಿದವನೇ ಈಗ ಒಳಗೆ ಕರೆದ! ರೆಕಾರ್ಡಿನಲ್ಲಿ ‘ಕ್ಯಾರವಾನ್’ ಕೂಡ ಇದೆ. ಅದು ಟಿಜೋಲ್ ಹೊಸೆದ ರಾಗ. ತಾನು ಬಡಿದಾಡಿದವನ ರಾಗಕ್ಕೆ ಮಿಂಗಸ್ ತಂತಿ ಮೀಟಿದ್ದಾನೆ.

ಇಷ್ಟಾಗಿ ಅವರು ರಾಜಿಯಾದರೆ? ಕೇಳಿ ನೋಡಿ. ಮೊದಲ ಹಾಡಿನಲ್ಲಿ ಮಿಂಗಸ್ ಒಂದೇ ಸ್ವರವನ್ನು ಜಗ್ಗಿ ಜಗ್ಗಿ ಹಿಂಸಿಸುತ್ತಾನೆ. ನಯವಂತನೆಂದು ಹೆಸರಾದ ಎಲಿಂಗ್ಟನ್ ಪಿಯಾನೋವನ್ನು ಸುತ್ತಿಗೆಯಂತೆ ಬಡಿಯುತ್ತಾನೆ. ರೋಚ್ ಇಬ್ಬರಿಗೂ ಬಗ್ಗುವುದಿಲ್ಲ. ಬೀದಿಯಲ್ಲಿ ಹೆಡೆಯೆತ್ತಿ ತೆವಳುವ ಹಾವುಗಳನ್ನು, ಅಂದರೆ ಕಲಾವಿದರನ್ನು ಸುಲಿದ ದಲ್ಲಾಳಿಗಳನ್ನು ನೆನೆದು ನುಡಿಸಿ ಅಂತ ಎಲಿಂಗ್ಟನ್ ಹೇಳಿದ್ದನ್ನು ರೋಚ್ ಮುಂದೆ ನೆನೆದಿದ್ದಾನೆ. ಮೂವರಿಗೂ ಶತ್ರು ಯಾರೆಂದು ಗೊತ್ತಿತ್ತು. ಆಫ್ರಿಕಾದ ಹೂವಿನ ಹೆಸರಿನ ಇನ್ನೊಂದು ಹಾಡಿನಲ್ಲಿ ಅದೇ ಮೂವರು ಪಿಸುಮಾತಿನಷ್ಟು ಮೆತ್ತಗಾಗುತ್ತಾರೆ.

ದುಡ್ಡಿನ ಕಾಡನ್ನು ಬೈದ ಈ ರೆಕಾರ್ಡನ್ನು 1963ರಲ್ಲಿ ಮಾರಿದ್ದು ಒಂದು ಸಿನಿಮಾ ಕಂಪನಿಯ ರೆಕಾರ್ಡು ಶಾಖೆಯೇ ಅಲ್ಲವೆ ಅಂತ ನೀವು ಕೇಳಬಹುದು. ಹೌದು. ಕಾಡಿನಿಂದ ಯಾರೂ ಹೊರಗಿರಲಿಲ್ಲ. ಆದರೆ ಕಾಡಿನ ನೀತಿ ಒಂದೇ: ಸಿಕ್ಕವನನ್ನು ತಿನ್ನು. ಆ ದಿನ ಆ ಮೂವರು ಅದನ್ನು ಮೀರಿದರು. ಯಾರೂ ತನ್ನ ದನಿ ಬಿಟ್ಟುಕೊಡಲಿಲ್ಲ, ಯಾರೂ ಇನ್ನೊಬ್ಬನ ದನಿ ಅಡಗಿಸಲಿಲ್ಲ. ನಾನು ಒಗ್ಗಟ್ಟು ಅನ್ನುವುದು ಇದಕ್ಕೆ.

ಒಂದು ಎಚ್ಚರ ಬೇಕು. ಸಂಗಾತಿಯೊಡನೆ ತಾಳ್ಮೆ ಬೇರೆ, ಯಜಮಾನನಿಗೆ ಶರಣಾಗುವುದು ಬೇರೆ. ಇವೆರಡನ್ನೂ ಬೆರೆಸುವವರನ್ನು ನಂಬಬೇಡಿ.

ಗೆಳೆಯರೆ, ಎದ್ದು ಹೋದವರ ಲೆಕ್ಕ ನಮ್ಮೆಲ್ಲರ ಬಾಯಲ್ಲೂ ಇದೆ. ಅವರ ಹಿಂದೆ ಹೋಗಿ, ‘ಬಾರಯ್ಯ, ನುಡಿಸೋಣ’ ಅಂದವರು ಎಷ್ಟು ಮಂದಿ?