ಸತ್ತಾಂವಗ ಅವ್ವ ಇದ್ದಿಲ್ಲೇನು?

ರಕ್ತ ನೋಡಿ ನಗಬಹುದೆ? ಈ ಪ್ರಶ್ನೆ ನನಗೆ ಬಂದದ್ದು ಯಾವ ನೀತಿ ಪುಸ್ತಕದಿಂದಲೂ ಅಲ್ಲ, ಒಂದು ಸಿನಿಮಾದಿಂದ.

ರಾಯಚೂರಿನ ಹಾಸ್ಟೆಲಿನಲ್ಲಿ ಡಿಗ್ರಿ ಓದುವಾಗ ಆರು ಮಂದಿ ಒಂದೇ ಲ್ಯಾಪ್‌ಟಾಪಿಗೆ ಮುಗಿಬಿದ್ದು ನೋಡಿದ್ದೆವು. ನ್ಯೂಜಿಲೆಂಡಿನ ಪೀಟರ್ ಜಾಕ್ಸನ್ 1987ರಲ್ಲಿ ಹೊರತಂದ 'ಬ್ಯಾಡ್ ಟೇಸ್ಟ್'. ಹೆಸರೇ ಕೆಟ್ಟ ರುಚಿ. ಬೇರೆ ಗ್ರಹದವರು ಒಂದು ಊರಿಗೆ ಇಳಿದು, ಜನರನ್ನೆಲ್ಲ ಕೊಂದು, ಆ ಮಾಂಸವನ್ನು ತಮ್ಮ ಲೋಕದಲ್ಲಿ ಮಾರಲು ರಟ್ಟಿನ ಡಬ್ಬಿಗೆ ತುಂಬುತ್ತಾರೆ. ತಡೆಯಲು ನಾಲ್ಕು ಹುಡುಗರು ಬರುತ್ತಾರೆ. ತಲೆ ಹಾರುತ್ತವೆ, ಮಿದುಳು ಚೆಲ್ಲುತ್ತದೆ. ನಾವು ಹೊಟ್ಟೆ ಹಿಡಿದುಕೊಂಡು ನಕ್ಕದ್ದೇ ನಕ್ಕದ್ದು.

ಮೊದಲು ಅವರಿಗೆ ಸಲ್ಲಬೇಕಾದ್ದು ಸಲ್ಲಲಿ. ಜಾಕ್ಸನ್ ಆಗ ಪತ್ರಿಕೆಯೊಂದರಲ್ಲಿ ಫೋಟೊ ಬ್ಲಾಕ್ ಮಾಡುವ ಕೆಲಸಗಾರ. 16 ಎಂ.ಎಂ. ಕ್ಯಾಮೆರಾ ಹಿಡಿದು, ಗೆಳೆಯರನ್ನು ಕಟ್ಟಿಕೊಂಡು, ರಜಾ ದಿನಗಳಲ್ಲಿ ನಾಲ್ಕು ವರ್ಷ ತೆಗೆದ ಚಿತ್ರ ಇದು. ಮುಖವಾಡಗಳು ಬೆಂದದ್ದು ಅವನ ತಾಯಿಯ ಅಡುಗೆಮನೆಯ ಒಲೆಯಲ್ಲಿ. ಒಡೆದ ಬುರುಡೆಯಿಂದ ಜಾರುವ ಮಿದುಳನ್ನು ಬೆಲ್ಟಿನಿಂದ ಬಿಗಿದುಕೊಳ್ಳುವ ಡೆರೆಕ್ ಸ್ವತಃ ಜಾಕ್ಸನ್. ನಗಿಸುವವ ತನ್ನ ಮೈಯನ್ನೇ ಒತ್ತೆ ಇಟ್ಟಿದ್ದಾನೆ. ನಮ್ಮ ದೊಡ್ಡ ದುಡ್ಡಿನ ಸಿನಿಮಾಗಳಲ್ಲಿ ಎಷ್ಟು ಸಲ ನಗೆಪಾಟಲಾಗುವ ಮೈ ಇನ್ನೊಬ್ಬನದು! ಕರಿಯನದು, ಕುಂಟನದು, ಕಸ ಗುಡಿಸುವವನದು.

ಅದೇ ಹುರುಪಿನಲ್ಲಿ ನಾವೂ ಮಾನವಿಯ ಗೆಳೆಯರ ಜೊತೆ ಒಂದು ಚಿತ್ರ ತೆಗೆಯಲು ಹೊರಟೆವು. ಕ್ಯಾಮೆರಾ ಅಂದರೆ ಮೊಬೈಲು. ರಕ್ತ ಅಂದರೆ ಕುಂಕುಮ ಕಲಸಿದ ಬೆಲ್ಲದ ನೀರು. ಸಾಯುವ ಪಾತ್ರ ನಂದು. ಸಂಜೆ ಅಂಗಿಯನ್ನು ಚೀಲಕ್ಕೆ ತುರುಕಿ ದೇವದುರ್ಗದ ಬಸ್ಸು ಹತ್ತಿದೆ.

ಮರುದಿನ ಒಗೆಯಲು ಅಂಗಿ ತೆಗೆದ ಅವ್ವ ಅಲ್ಲೇ ಕುಸಿದು ಕೂತಳು. "ಬಣ್ಣ ಯವ್ವಾ, ಬರೇ ಬಣ್ಣ" ಅಂದೆ. ಆಕೆ ಅಂಗಿ ಮೂಸಿ ನೋಡಿದಳು. ಬೆಲ್ಲದ ವಾಸನೆ ಬಂದ ಮೇಲೂ ನಗಲಿಲ್ಲ.

"ನಿಮ್ಮ ಆಟದಾಗ ಸತ್ತಾಂವಗ ಅವ್ವ ಇದ್ದಿಲ್ಲೇನು?"

ಇದ್ದಿಲ್ಲ. ನಮಗದು ಹೊಳೆದೇ ಇರಲಿಲ್ಲ.

ಆ ರಾತ್ರಿ 'ಬ್ಯಾಡ್ ಟೇಸ್ಟ್' ಮತ್ತೆ ನೋಡಿದೆ. ಈ ಸಲ ಕಣ್ಣಿಗೆ ಬಿದ್ದದ್ದು ಹಾರುವ ತಲೆಗಳಲ್ಲ, ರಟ್ಟಿನ ಡಬ್ಬಿಗಳು. ಕೈಹೊರೊ ಎಂಬ ಆ ಊರಿನ ಜನ ಕಥೆ ಶುರುವಾಗುವ ಮೊದಲೇ ಸತ್ತಿದ್ದಾರೆ. ಅವರಿಗೆ ಹೆಸರಿಲ್ಲ, ಮುಖವಿಲ್ಲ, ಹುಡುಕಿಕೊಂಡು ಬರುವ ತಾಯಿಯಿಲ್ಲ. ಅಳುವವರು ಯಾರೂ ಇಲ್ಲದ್ದಕ್ಕೇ ನಮಗೆ ಅಷ್ಟು ಸಲೀಸಾಗಿ ನಗು ಬಂದಿತ್ತು.

ಸಿನಿಮಾದ ಊರು ಖಾಲಿ ಇರಬಹುದು, ನಮ್ಮ ಊರುಗಳು ಖಾಲಿಯಿಲ್ಲ. ಗಂಗಾವತಿ ತಾಲೂಕಿನ ಮರಕುಂಬಿ 1997ರವರೆಗೆ ನಮ್ಮ ರಾಯಚೂರು ಜಿಲ್ಲೆಯದೇ ಊರು. 2014ರ ಆಗಸ್ಟಿನಲ್ಲಿ ಸಿನಿಮಾ ಟಿಕೆಟ್ಟಿನ ಜಗಳವೊಂದು ಬೆಳೆದು ದಲಿತರ ಗುಡಿಸಲುಗಳಿಗೆ ಬೆಂಕಿಯಾಯಿತು. 2024ರ ಅಕ್ಟೋಬರಿನಲ್ಲಿ ಕೊಪ್ಪಳದ ಕೋರ್ಟು 98 ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ಮರುತಿಂಗಳೇ ಹೈಕೋರ್ಟಿನಲ್ಲಿ ಬಹುತೇಕರಿಗೆ ಜಾಮೀನು ಸಿಕ್ಕಿತು. ಸಿನಿಮಾ ನೋಡಲು ಹೋದದ್ದೇ ಬೆಂಕಿಗೆ ನೆಪವಾದ ಜನ ನಾವು. ತೆರೆಯ ಮೇಲಿನ ರಕ್ತವನ್ನು ಬರೇ ಬಣ್ಣ ಅಂದುಕೊಂಡು ನಮ್ಮ ಅವ್ವಂದಿರು ಹೇಗೆ ಸುಮ್ಮನಿದ್ದಾರು?

ಹಾಗಾದರೆ ನಗಲೇಬಾರದೇನು ಅಂತ ಗೆಳೆಯರು ಕೇಳುತ್ತಾರೆ. ಯಾಕ ನಗಬಾರದು? ನಗು ನಮ್ಮ ಕೇರಿಯ ಆಸ್ತಿ. ಹೆಣ ಕಾಯುವ ರಾತ್ರಿಯೂ ನಮ್ಮ ಹಿರಿಯರು ನಕ್ಕಿದ್ದಾರೆ. ಆದರೆ ಅಳುವವರ ಮಗ್ಗುಲಲ್ಲಿ ಕೂತು ನಕ್ಕಿದ್ದಾರೆ, ಅವರನ್ನು ಹೊರಗೆ ಹಾಕಿ ಅಲ್ಲ. ಅಳುವವರನ್ನು ಆಟದಿಂದಲೇ ಅಳಿಸಿಬಿಟ್ಟು ನಗುವುದಿದೆಯಲ್ಲ, ಕೆಟ್ಟ ರುಚಿ ಅಂದರೆ ನನಗೆ ಈಗ ಅದು.

ನಮ್ಮ ಚಿತ್ರ ಇನ್ನೂ ಮುಗಿದಿಲ್ಲ. ಸತ್ತವನ ತಾಯಿಯ ಪಾತ್ರ ಬರೆಯುತ್ತಿದ್ದೇನೆ. "ನೀನ ಮಾಡ್ತಿಯೇನು?" ಅಂತ ಅವ್ವನನ್ನು ಕೇಳಿದೆ.

"ಮೊದಲ ಆ ಅಂಗಿ ನೀನ ಒಗಿ" ಅಂದಳು.